ಹೊಸ ಸಂಶೋಧಕರಿಗೆ ಹೈದರಾಬಾದಿನ ಆಸರೆ

ಮುಧೋಳ, ಸೇಡಂ, ಚಿತ್ತಾಪುರದ ಕಡೆ ಕಾಯಿಲೆ ಜೋರಾದರೆ ಕಲಬುರಗಿ, ಅಲ್ಲೂ ಆಗದಿದ್ದರೆ ಹೈದರಾಬಾದು. ವಾಡಿಯಿಂದ ಸೇಡಂ, ತಾಂಡೂರು ಹಾದು ಹೋಗುವ ರೈಲು ಹತ್ತಿದರಾಯಿತು, ಬೆಂಗಳೂರಿನ ಮಾತು ಆಮೇಲೆ. ಅದೇ ಹೈದರಾಬಾದಿನಲ್ಲಿ ರೋಗದ ಬೆನ್ನು ಹತ್ತುವ ಹೊಸ ಸಂಶೋಧಕರಿಗೂ ಆಸರೆಯಾಗುವ ಒಂದು ಸಂಸ್ಥೆ ಇದೆ. ಹೆಸರು ಇಂಡಿಯಾ ಅಲಯನ್ಸ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಸೇರಿ 2008ರಲ್ಲಿ ಇದನ್ನು ಕಟ್ಟಿದವು.

ಯುವ ವಿಜ್ಞಾನಿಗಳಿಗೆ ನಮ್ಮಲ್ಲಿ ಪ್ರಶಸ್ತಿಗಳಿಗೆ ಬರವಿಲ್ಲ. 1958ರಿಂದ ಕೊಡುತ್ತ ಬಂದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ 45ರೊಳಗಿನವರದು. 2024ರಿಂದ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳಲ್ಲಿ ಸೇರಿ 'ವಿಜ್ಞಾನ ಯುವ' ಎಂಬ ಹೆಸರು ಪಡೆಯಿತು. ಇನ್ಫೊಸಿಸ್ ಪ್ರಶಸ್ತಿಯೂ 2024ರಿಂದ 40ರೊಳಗಿನವರತ್ತ ತಿರುಗಿದೆ. 2025ರ ಜೀವವಿಜ್ಞಾನ ಪ್ರಶಸ್ತಿ, ಜೀವಕೋಶಗಳು ತಮ್ಮ ಡಿಎನ್‌ಎಗೆ ಆದ ಹಾನಿಯನ್ನು ಹೇಗೆ ಸರಿಪಡಿಸಿಕೊಳ್ಳುತ್ತವೆ ಎಂದು ಅರಸುತ್ತಿರುವ ಬೆಂಗಳೂರು ಎನ್‌ಸಿಬಿಎಸ್‌ನ ಅಂಜನಾ ಬದರಿನಾರಾಯಣನ್ ಅವರಿಗೆ ಸಂದಿತು. ಒಳ್ಳೆಯದೇ. ಆದರೆ ಇವೆಲ್ಲ ಮಾಡಿ ತೋರಿಸಿದ ಕೆಲಸಕ್ಕೆ ಸಿಗುವ ಮನ್ನಣೆ. ಇನ್ನೂ ಮಾಡಬೇಕಾದ ಕೆಲಸವನ್ನು ನಂಬಿ ಕೊಡುವ ಮನ್ನಣೆಯೇ ದೊಡ್ಡದು ಎಂಬುದು ನನ್ನ ಎಣಿಕೆ.

ಇಂಡಿಯಾ ಅಲಯನ್ಸ್ ಮಾಡುವುದು ಅದನ್ನೇ. ಅದರ ಆರಂಭಿಕ ಹಂತದ ಫೆಲೋಶಿಪ್ ಪಿಎಚ್‌.ಡಿ. ಮುಗಿಸಿದ ಹೊಸತರಲ್ಲೇ ಸಿಗುವಂಥದ್ದು. ಅರ್ಜಿಯಲ್ಲಿ ಮುಖ್ಯವಾದದ್ದು ಅಭ್ಯರ್ಥಿಯ ಸ್ವಂತ ಪ್ರಶ್ನೆ. ಅದನ್ನು ಹೊರಗಿನ ತಜ್ಞರು ಓದಿ ಅಭಿಪ್ರಾಯ ಬರೆಯುತ್ತಾರೆ, ಆಮೇಲೆ ಸಮಿತಿಯ ಎದುರು ಸಂದರ್ಶನ. ಗೆದ್ದರೆ ಐದು ವರ್ಷ ಸಂಬಳವೂ ಸಂಶೋಧನೆಯ ಖರ್ಚೂ ಸಿಗುತ್ತದೆ. ಗುರುಗಳ ಯೋಜನೆಯಲ್ಲಿ ಸಹಾಯಕರಾಗಿ ಉಳಿಯುವ ಬದಲು ತನ್ನ ಪ್ರಶ್ನೆಯನ್ನು ತಾನೇ ಬೆನ್ನಟ್ಟಬಹುದು. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಇದರ ಮೂರನೇ ಹಂತಕ್ಕೆ 1,500 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಅದರಲ್ಲಿ 1,000 ಕೋಟಿ ಇಲಾಖೆಯದು, 500 ಕೋಟಿ ವೆಲ್‌ಕಮ್‌ನದು.

ಇಂಥ ನಂಬಿಕೆ ಫಲ ಕೊಟ್ಟದ್ದಕ್ಕೆ ನಿಮ್ಹಾನ್ಸ್‌ನ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಸಾಕ್ಷಿ. ಸ್ಕಿಜೋಫ್ರೇನಿಯಾ ರೋಗಿಗಳನ್ನು ನೋಡುತ್ತಲೇ ಸಂಶೋಧನೆ ನಡೆಸಿದ ಈ ಮನೋವೈದ್ಯರಿಗೆ ಇದೇ ಸಂಸ್ಥೆಯ ಹಿರಿಯ ಫೆಲೋಶಿಪ್ ಮೊದಲು ಬಂತು. ವೈದ್ಯವಿಜ್ಞಾನದ ಭಟ್ನಾಗರ್ ಪ್ರಶಸ್ತಿ ಬಂದದ್ದು ಆಮೇಲೆ, 2018ರಲ್ಲಿ.

ಇನ್ನು ನಮ್ಮ ನೆಲದ ಪ್ರಶ್ನೆಗಳು. ಶಹಾಬಾದಿನ ಕಲ್ಲು ಕೊಯ್ಯುವವರು, ಪಾಲಿಷ್ ಹಾಕುವವರು ದಿನವಿಡೀ ದೂಳಿನಲ್ಲೇ ಉಸಿರಾಡುತ್ತಾರೆ. ಆ ದೂಳು ಅವರ ಶ್ವಾಸಕೋಶವನ್ನು ಎಷ್ಟು ಕೆಡಿಸುತ್ತದೆ ಎಂಬುದೇ ಪ್ರಶ್ನೆ. ಅದನ್ನು ಅಳೆಯಲು ಸ್ಪೈರೋಮೀಟರ್ ಎಂಬ ಯಂತ್ರವಿದೆ. ಅದರ ಕೊಳವೆಯನ್ನು ತುಟಿಗೆ ಬಿಗಿಯಾಗಿ ಹಿಡಿದು, ಎದೆ ತುಂಬ ಉಸಿರೆಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂಬ ಎರಡು ಅಂಕಿಗಳೇ ಶ್ವಾಸಕೋಶದ ಸ್ಥಿತಿಯನ್ನು ಬಹಳಷ್ಟು ಹೇಳಿಬಿಡುತ್ತವೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಸಾಕು. ಇಪ್ಪತ್ತರ ಹುಡುಗನೊಬ್ಬ ಕಲ್ಲುಗಣಿಗೆ ಸೇರಿದ ದಿನದಿಂದ ವರ್ಷವರ್ಷವೂ ಅವನ ಉಸಿರನ್ನು ಅಳೆಯುತ್ತ ಹೋಗುವುದು ಒಬ್ಬ ಯುವ ವೈದ್ಯೆಯ ಐದು ವರ್ಷಕ್ಕೆ ತಕ್ಕ ಕೆಲಸ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳ ಸುತ್ತಲ ಊರುಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಫೆಲೋಶಿಪ್ ದೂರದ ಮಾತೆನಿಸಿದರೆ ಅದಕ್ಕಿಂತ ಕೆಳಗಿನ ಮೆಟ್ಟಿಲೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್, ಬಿಡಿಎಸ್ ಓದುವವರಿಗೆ ಅಲ್ಪಾವಧಿ ವಿದ್ಯಾರ್ಥಿವೇತನ ಕೊಡುತ್ತಿದೆ. ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳು ಸಂಶೋಧನೆ ಮಾಡಿ ವರದಿ ಒಪ್ಪಿಸಬೇಕು.

ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯ ದೆಸೆಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೆಡಿಕಲ್ ಸೀಟು ಸಿಗುವುದು ಹಿಂದಿಗಿಂತ ಸುಲಭವಾಗಿದೆ. ಕಲಬುರಗಿಯಲ್ಲೇ ಜಿಮ್ಸ್, ಇಎಸ್‌ಐಸಿ, ಮಹಾದೇವಪ್ಪ ರಾಂಪುರೆ ಕಾಲೇಜುಗಳಿವೆ. ನಿಮ್ಮ ಮನೆಯ ಹುಡುಗಿಯೋ ಹುಡುಗನೋ ಅಲ್ಲಿ ಓದುತ್ತಿದ್ದರೆ, ಪಿಜಿ ಸೀಟಿನ ಚಿಂತೆಯ ನಡುವೆ ಇದನ್ನೂ ಒಮ್ಮೆ ಕೇಳಿ: ಐಸಿಎಂಆರ್ ಅರ್ಜಿ ಹಾಕಿದೆಯಾ?