ಬೆರಳಿಗೆ ಒಪ್ಪುವ ಕೀಲಿಮಣೆ

ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಬಲಗೈಯ ಮುಂದೋಳನ್ನು, ಮೊಳಕೈಗಿಂತ ತುಸು ಕೆಳಗೆ, ಎಡಗೈಯಿಂದ ಮೆಲ್ಲನೆ ಹಿಡಿದುಕೊಳ್ಳಿರಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿರಿ. ಆಡುತ್ತಿರುವುದು ಬೆರಳು, ಆದರೆ ಹಿಡಿತದೊಳಗೆ ಮಿಸುಕುತ್ತಿರುವುದು ಮುಂದೋಳಿನ ಮಾಂಸಖಂಡ! ಬೆರಳುಗಳನ್ನು ಮಡಚುವ ಮುಖ್ಯವಾದ ಮಾಂಸಖಂಡಗಳು ಬೆರಳುಗಳಲ್ಲಿಲ್ಲ. ಸೂತ್ರದ ಗೊಂಬೆಯನ್ನು ಆಡಿಸುವಾತನು ತೆರೆಯ ಹಿಂದೆ ನಿಂತಿರುವಂತೆ, ಅವು ಮುಂದೋಳಿನಲ್ಲಿದ್ದುಕೊಂಡು ಉದ್ದವಾದ ಸ್ನಾಯುರಜ್ಜುಗಳೆಂಬ ಹುರಿಗಳ ಮೂಲಕ ಬೆರಳುಗಳನ್ನು ಸೆಳೆಯುತ್ತವೆ. ಆ ಹುರಿಗಳೆಲ್ಲ ಹಾದುಹೋಗುವ ದಾರಿಯೇ ಮಣಿಕಟ್ಟು.

ದಿನದಿನವೂ ಗಣಕದ ಮುಂದೆ ಕುಳಿತು ಬರೆಯುವವನಿಗೆ ಎಂತಹ ಕೀಲಿಮಣೆ ಹಿತಕರ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದುದು ಈ ದಾರಿಯಲ್ಲಿಯೇ.

ಹಳೆಯ ಯಂತ್ರದ ಬಳುವಳಿ

ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೊಫರ್ ಲೇಥಮ್ ಷೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ತಮ್ಮ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದರು. 1874ರಲ್ಲಿ ರೆಮಿಂಗ್ಟನ್ ಸಂಸ್ಥೆಯು ಅದನ್ನು ಮಾರಾಟಕ್ಕೆ ತಂದಿತು. ಆ ಯಂತ್ರದಲ್ಲಿ ಪ್ರತಿಯೊಂದು ಕೀಲಿಗೂ ಒಂದೊಂದು ಸನ್ನೆಯಿತ್ತು. ಸನ್ನೆಗಳು ಒಂದಕ್ಕೊಂದು ತಗುಲದೆ ಪಕ್ಕಪಕ್ಕದಲ್ಲಿ ಹಾಯಬೇಕಾಗಿದ್ದುದರಿಂದ ಸಾಲುಸಾಲಿಗೂ ಕೀಲಿಗಳನ್ನು ತುಸು ಓರೆಯಾಗಿ ಸರಿಸಿ ಕೂಡಿಸಬೇಕಾಯಿತು. ಇಂದಿನ ಕೀಲಿಮಣೆಯಲ್ಲಿ ಸನ್ನೆಗಳ ಸುಳಿವೇ ಇಲ್ಲ. ಆದರೂ ಆ ಓರೆ ಸಾಲುಗಳು ಹಾಗೆಯೇ ಉಳಿದಿವೆ. ಯಂತ್ರ ಸತ್ತಿತು, ಅದರ ಆಕಾರ ಬದುಕಿತು!

ಈ ಆಕಾರವು ಕೈಯನ್ನು ಮೂರು ಬಗೆಯಲ್ಲಿ ಪೀಡಿಸುತ್ತದೆ. ನಮ್ಮ ಹೆಗಲು ಅಗಲ. ಕೀಲಿಗಳ ಸಾಲು ಇಕ್ಕಟ್ಟು. ಆದುದರಿಂದ ಮುಂದೋಳುಗಳು ಒಳಮುಖವಾಗಿ ಬರುತ್ತವೆ, ಬೆರಳುಗಳನ್ನು ನೇರವಾದ ಸಾಲಿನ ಮೇಲಿಡಲು ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗುತ್ತದೆ. ಇದು ಮೊದಲನೆಯದು. ಎರಡನೆಯದಾಗಿ, ಅಂಗೈಯನ್ನು ಪೂರ್ತಿಯಾಗಿ ನೆಲದ ಕಡೆಗೆ ತಿರುಗಿಸಿದಾಗ ಮುಂದೋಳಿನ ಎರಡು ಎಲುಬುಗಳು ಒಂದರ ಮೇಲೊಂದು ಅಡ್ಡಬೀಳುತ್ತವೆ. ಇದು ಕೈಯ ವಿಶ್ರಾಂತಿಯ ಭಂಗಿಯಲ್ಲ. ಮೂರನೆಯದಾಗಿ, ಕೀಲಿಮಣೆಯ ಹಿಂಭಾಗದ ಮಡಚುಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ.

ಬಾಗಿದರೆ ಏನಾಯಿತು?

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಎಲುಬುಗಳಿವೆ. ಅವು ಒಂದು ಕಮಾನಿನಂತೆ ಜೋಡಿಸಿಕೊಂಡಿದ್ದು, ಅದರ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿಯಾದ ಪಟ್ಟಿಯಿದೆ. ಹೀಗೆ ಉಂಟಾದ ಕಿರಿದಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ‘ಮೀಡಿಯನ್’ ಎಂಬ ಒಂದು ನರವೂ ಒತ್ತಾಗಿ ಹಾಯುತ್ತವೆ. ಮಣಿಕಟ್ಟು ನೇರವಾಗಿದ್ದಾಗ ಸುರಂಗದೊಳಗಿನ ಒತ್ತಡ ಕಡಿಮೆ. ಅದು ಹಿಂದಕ್ಕೋ ಮುಂದಕ್ಕೋ ಬಾಗಿದಂತೆ ಒತ್ತಡ ಏರುತ್ತದೆ. ಒತ್ತಡಕ್ಕೆ ಸಿಕ್ಕ ನರವು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿಯೂ ಉಂಗುರದ ಬೆರಳಿನ ಅರ್ಧಭಾಗದಲ್ಲಿಯೂ ಜುಮುಗುಟ್ಟುವಿಕೆಯನ್ನು ಉಂಟುಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಈ ಸುರಂಗದ ಬೇನೆಗೆ ಕೀಲಿಮಣೆಯೇ ಕಾರಣವೆಂದು ತೀರ್ಪು ಕೊಡುವಷ್ಟು ಪುರಾವೆ ದೊರೆತಿಲ್ಲ. ಮಧುಮೇಹ, ಥೈರಾಯ್ಡ್ ಗ್ರಂಥಿಯ ದೋಷ, ಗರ್ಭಾವಸ್ಥೆ, ಕೈಗೆ ಬಲವಾದ ಶ್ರಮಕೊಡುವ ಉದ್ಯೋಗಗಳು—ಇವುಗಳ ಸಂಬಂಧವು ಅದಕ್ಕಿಂತ ಸ್ಪಷ್ಟವಾಗಿದೆ. ಆದರೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬರೆಯುವವರಿಗೆ ಕತ್ತು, ಹೆಗಲು, ಮುಂದೋಳುಗಳಲ್ಲಿ ನೋವು ಬರುವುದು ಎಲ್ಲರೂ ಬಲ್ಲ ಸಂಗತಿ. 1713ರಲ್ಲಿಯೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿಯು ಕಸುಬುದಾರರ ರೋಗಗಳನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ, ಬರೆಹಗಾರ ಗುಮಾಸ್ತರ ಬೇನೆಗೆ ಮೂರು ಕಾರಣಗಳನ್ನು ಹೇಳಿದ್ದನು: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುತ್ತಿರುವುದು, ಮನಸ್ಸಿಗೆ ಬಿಡುವಿಲ್ಲದಿರುವುದು. ಗರಿಯ ಲೇಖನಿ ಹೋಗಿ ಗಣಕ ಬಂದರೂ ಈ ಮೂರೂ ಹೋಗಿಲ್ಲ.

ಒಡೆದ ಕೀಲಿಮಣೆ

ಪೋಲೆಂಡಿನ ವಿಜ್ಞಾನಿ ಯಾಸ್ಟ್ರ್ಶೆಂಬೊವ್‌ಸ್ಕಿಯು 1857ರಲ್ಲಿ ‘ಎರ್ಗೊನಾಮಿಕ್ಸ್’ ಎಂಬ ಪದವನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ‘ಎರ್ಗಾನ್’ ಎಂದರೆ ಕೆಲಸ, ‘ನೋಮೋಸ್’ ಎಂದರೆ ನಿಯಮ. ಕೆಲಸದ ಸಾಧನವನ್ನು ಮನುಷ್ಯದೇಹಕ್ಕೆ ಹೊಂದಿಸುವುದೇ ಇಂದು ಈ ಶಾಸ್ತ್ರದ ಗುರಿ.

ಕೀಲಿಗಳ ಸಾಲನ್ನು ಎರಡಾಗಿ ಒಡೆದು ಒಂದೊಂದು ಕೈಗೆ ಒಂದೊಂದು ಭಾಗವನ್ನು ಕೊಡಬೇಕೆಂದು ಜರ್ಮನಿಯ ಕ್ಲೊಕೆನ್‌ಬರ್ಗ್ 1926ರಲ್ಲಿಯೇ ಸೂಚಿಸಿದ್ದನು. 1972ರಲ್ಲಿ ಕಾರ್ಲ್ ಕ್ರೋಮರ್, ಒಡೆದ ಭಾಗಗಳನ್ನು ಗುಡಿಸಲಿನ ಮಾಡಿನಂತೆ ಇಳಿಜಾರಾಗಿ ಇಡುವುದರ ಪ್ರಯೋಗಗಳನ್ನು ಪ್ರಕಟಿಸಿದನು. 1994ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ಇಂತಹ ಒಂದು ಕೀಲಿಮಣೆಯನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಜನಸಾಮಾನ್ಯರ ಕೈಗೆ ಸಿಕ್ಕಿತು. ಸಾಲು ಒಡೆದಿರುವುದರಿಂದ ಮಣಿಕಟ್ಟು ಪಕ್ಕಕ್ಕೆ ಬಾಗಬೇಕಾಗಿಲ್ಲ. ಇಳಿಜಾರಿರುವುದರಿಂದ ಅಂಗೈ ಪೂರ್ತಿ ಮಗುಚಬೇಕಾಗಿಲ್ಲ.

ತಂತಿ ಏಕೆ ಬೇಡ?

ಮಡಿಲಗಣಕದಲ್ಲಿ ಒಂದು ಹುಟ್ಟುದೋಷವಿದೆ. ಅದರ ತೆರೆಗೂ ಕೀಲಿಮಣೆಗೂ ಅಂಟು. ಕೈಗೆ ಸರಿಯಾಗಿಟ್ಟರೆ ಕತ್ತು ಬಗ್ಗುತ್ತದೆ. ಕತ್ತಿಗೆ ಸರಿಯಾಗಿಟ್ಟರೆ ಕೈ ಮೇಲೇರುತ್ತದೆ. ಗಣಕವನ್ನು ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಕಣ್ಣಿನ ಎತ್ತರಕ್ಕೆ ಏರಿಸಿ, ಬೇರೊಂದು ನಿಸ್ತಂತು ಕೀಲಿಮಣೆಯನ್ನು ಮೊಳಕೈಯ ಎತ್ತರದಲ್ಲಿಟ್ಟುಕೊಂಡರೆ ಈ ವ್ಯಾಜ್ಯ ಪರಿಹಾರವಾಗುತ್ತದೆ.

ಒತ್ತಿದ ಕೀಲಿಯ ಸಂಕೇತವನ್ನು ಅದು ರೇಡಿಯೋ ಅಲೆಗಳ ಮೂಲಕ ಕಳುಹಿಸುತ್ತದೆ. ಈ ಅಲೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತವೆ. ಒಂದು ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು. ವೈಫೈ ಉಪಕರಣಗಳೂ ಇದೇ ಪಟ್ಟಿಯಲ್ಲಿ ಮಾತನಾಡುವುದರಿಂದ ಗದ್ದಲ ಸಹಜ. ಅದನ್ನು ತಪ್ಪಿಸಲು ‘ಬ್ಲೂಟೂತ್’ ವಿಧಾನದ ಮೂಲರೂಪದಲ್ಲಿ ಸಂಕೇತವು 79 ಹಾದಿಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತಿರುತ್ತದೆ. ರೇಡಿಯೋ ಅಲೆಗೆ ಗೋಡೆಯ ಮರೆಯಿಲ್ಲ. ಗೂಢಲಿಪಿಯಿಲ್ಲದೆ ಸಂಕೇತಗಳನ್ನು ಕಳುಹಿಸುತ್ತಿದ್ದ ಕೆಲವು ಅಗ್ಗದ ಕೀಲಿಮಣೆಗಳ ಬರೆಹವನ್ನು ದೂರದಲ್ಲಿದ್ದವನೂ ಕದ್ದು ಓದಬಹುದೆಂದು 2016ರಲ್ಲಿ ಸಂಶೋಧಕರು ತೋರಿಸಿದರು. ಆದುದರಿಂದ ಕೊಳ್ಳುವಾಗ ಗೂಢಲಿಪಿಯ ರಕ್ಷಣೆಯುಂಟೇ ಎಂದು ವಿಚಾರಿಸುವುದು ಜಾಣತನ.

ಆರಿಸುವ ಬಗೆ

ಕೀಲಿಯ ಬಿರುಸನ್ನು ಮೊದಲು ಪರೀಕ್ಷಿಸಿರಿ. ಸಣ್ಣ ಲೆಕ್ಕವೊಂದನ್ನು ಮಾಡೋಣ. ನಿಮಿಷಕ್ಕೆ 200 ಕೀಲಿಗಳನ್ನು ಒತ್ತುವವನು ಗಂಟೆಗೆ 12,000 ಸಲ ಒತ್ತುತ್ತಾನೆ. ಒಂದೊಂದು ಕೀಲಿಗೆ 60 ಗ್ರಾಂ ತೂಕದಷ್ಟು ಬಲ ಬೇಕಾದರೆ, ಒತ್ತಿದ ಬಲವನ್ನೆಲ್ಲ ಕೂಡಿದಾಗ 720 ಕಿಲೋಗ್ರಾಂ ಆಗುತ್ತದೆ. 45 ಗ್ರಾಂ ಸಾಕಾದರೆ 540 ಮಾತ್ರ. ಹಾಗೆಂದು ತೀರ ಹಗುರವಾದ ಕೀಲಿಯೂ ಬೇಡ. ಬೆರಳನ್ನು ಸುಮ್ಮನೆ ಇಟ್ಟರೂ ಅದು ಒತ್ತಿಹೋಗುತ್ತದೆ.

ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರು ಇದ್ದರೆ ದೊಡ್ಡವರ ಬೆರಳಿಗೆ ಅನುಕೂಲ. ಅಂಕಗಳ ಪ್ರತ್ಯೇಕ ಗುಂಪು ಬೇಡವಾದವರು ಅದಿಲ್ಲದ ಮಾದರಿಯನ್ನು ಆರಿಸಿದರೆ, ಮೌಸ್ ಹತ್ತಿರಕ್ಕೆ ಬಂದು ಬಲತೋಳು ಚಾಚುವುದು ತಪ್ಪುತ್ತದೆ. ನಡುವೆ ಮಾತ್ರ ಒಡೆದ, ಒಂದೇ ತುಂಡಿನ ಮಾದರಿ ಬೇಗ ಕೈಗೆ ಹತ್ತುತ್ತದೆ. ಎರಡು ಬೇರೆ ತುಂಡುಗಳ ಮಾದರಿಯನ್ನು ಹೆಗಲಿನ ಅಗಲಕ್ಕೆ ಹೊಂದಿಸಬಹುದಾದರೂ ಅದು ದುಬಾರಿ, ಅಭ್ಯಾಸಕ್ಕೆ ಕೆಲವು ವಾರಗಳು ಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ ಬರುತ್ತವೆ. ಗುಣಿತಾಕ್ಷರವನ್ನು ಬರೆಯುವಾಗ ಕೈಗಳು ಸರದಿಯಾಗಿ ದುಡಿಯುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸವು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನು ಅಡಕಗೊಳಿಸಿದೆ. ಎರಡೂ ಒಡೆದ ಕೀಲಿಮಣೆಯಲ್ಲಿ ನಡೆಯುತ್ತವೆ. ಏಕೆಂದರೆ ಅಕ್ಷರವನ್ನು ನಿರ್ಣಯಿಸುವುದು ಗಣಕದ ತಂತ್ರಾಂಶ. ನೀವು ಹೆಚ್ಚು ಬಳಸುವ ನಡುಗೀಲಿಗಳು ಯಾವ ಭಾಗಕ್ಕೆ ಸೇರಿವೆಯೆಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿರಿ.

ಎಷ್ಟೇ ಬೆಲೆಯ ಕೀಲಿಮಣೆಯಾದರೂ ವಿಶ್ರಾಂತಿಗೆ ಬದಲಾಗಲಾರದು. ಅರ್ಧ ಗಂಟೆಗೊಮ್ಮೆ ಎದ್ದು ಕೈಕಾಲುಗಳನ್ನು ಆಡಿಸಬೇಕು. ಜುಮುಗುಟ್ಟುವಿಕೆ ಬಿಡದೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಇಂದು ಇಪ್ಪತ್ತು ವರ್ಷದ ವಿದ್ಯಾರ್ಥಿ ಇನ್ನು ನಲವತ್ತು ವರ್ಷ ಇದೇ ಕೈಗಳಿಂದ ದುಡಿಯಬೇಕಾಗಿದೆ.

ಕೊಳ್ಳಲು ಹಣವಿಲ್ಲದವರೂ ಇಂದೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಹೆಗಲನ್ನು ಸಡಿಲಬಿಟ್ಟು, ಮೊಳಕೈಯನ್ನು ಲಂಬಕೋನಕ್ಕೆ ಮಡಚಿ, ಬೆರಳುಗಳನ್ನು ಕೀಲಿಗಳ ಮೇಲಿಡಿರಿ. ಗೆಳೆಯನೊಬ್ಬನು ನಿಮ್ಮ ಮುಂದೋಳಿನಿಂದ ಹಿಂಗೈಯವರೆಗೆ ಒಂದು ಅಳತೆಪಟ್ಟಿಯನ್ನು ಉದ್ದಕ್ಕೆ ಇಟ್ಟು ನೋಡಲಿ. ಮಣಿಕಟ್ಟಿನ ಬಳಿ ತಗ್ಗು ಕಂಡರೆ ಹಿಂದಿನ ಮಡಚುಕಾಲುಗಳನ್ನು ಮಡಚಿ, ಕುರ್ಚಿಯ ಮೇಲೆ ಒಂದು ದಿಂಬನ್ನು ಹಾಕಿ ಕುಳಿತು, ಮತ್ತೆ ಅಳೆಯಿರಿ. ಪಟ್ಟಿ ನೇರವಾಗಿ ಕುಳಿತಾಗ ನಿಮ್ಮ ಕೈಯೂ ಸರಿಯಾದ ಸ್ಥಾನದಲ್ಲಿದೆಯೆಂದು ತಿಳಿಯಿರಿ.