ಬಿಗಿದು ಕುಳಿತ ಗಾಲಿಯನ್ನು ಬಿಡಿಸುವ ಕ್ರಮ

ಪಂಕ್ಚರ್ ಆದ ಕಾರಿನ ನಟ್ಟುಗಳನ್ನೆಲ್ಲ ಬಿಚ್ಚಿದರೂ ಗಾಲಿ ಮಾತ್ರ ಕಳಚಿ ಬಾರದೆ ಇರುವುದುಂಟು. ಆಗ ಸಿಟ್ಟಿನಿಂದ ಜಗ್ಗಿದರೆ, ಒದ್ದರೆ ವಾಹನವು ಜಾಕಿನಿಂದ ಜಾರಿ ಪ್ರಾಣಕ್ಕೇ ಅಪಾಯವಾಗಬಹುದು. ಇಂಥ ಗಾಲಿಯನ್ನು ನಮ್ಮ ತೋಳ್ಬಲದಿಂದಲ್ಲ, ಕಾರಿನ ಭಾರದಿಂದಲೇ ಬಿಡಿಸಬೇಕು.

ಕಾರಣವೇನು?

ಗಾಲಿಯ ನಡುವಿನ ರಂಧ್ರವು ‘ಹಬ್’ ಎಂಬ ಕಬ್ಬಿಣದ ಭಾಗದ ಮೇಲೆ ಬಿಗಿಯಾಗಿ ಕೂಡುತ್ತದೆ. ನೀರು ಸೇರಿ ಅಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸಂದು ಮುಚ್ಚಿ ಎರಡೂ ಕಚ್ಚಿಕೊಳ್ಳುತ್ತವೆ. ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿಗಳಲ್ಲಿ ಇದು ಇನ್ನೂ ಹೆಚ್ಚು. ಕಲಘಟಗಿ ಕಡೆ ಮಳೆ ಹೆಚ್ಚು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆಮಣ್ಣಿನ ಕೆಸರು ಗಾಲಿಗೆ ಅಂಟಿ ಬಹಳ ಹೊತ್ತು ತೇವ ಹಿಡಿದಿಡುತ್ತದೆ.

ಮೊದಲ ಎಚ್ಚರಿಕೆ

ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎತ್ತುವ ಗಾಲಿಯ ಎದುರು ಮೂಲೆಯ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎರೆಭೂಮಿಯಲ್ಲಿ ಜಾಕು ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಇಡಿ. ಜಾಕಿನ ಮೇಲಿರುವ ಕಾರಿನ ಅಡಿಗೆ ಕೈಕಾಲು ಹಾಕಬೇಡಿ. ಸ್ಟೆಪ್ನಿಯನ್ನು ಕಾರಿನ ಅಡಿಗೆ ಮಲಗಿಸಿಟ್ಟರೆ ಆಕಸ್ಮಿಕಕ್ಕೆ ಆಧಾರವಾದೀತು.

ಬಿಡಿಸುವ ಬಗೆ

1. ನಡುವಿನ ಮುಚ್ಚಳ ತೆಗೆದು, ಹಬ್ಬಿನ ಅಂಚಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಸ್ವಲ್ಪವೇ ಬಿಟ್ಟು 15–20 ನಿಮಿಷ ಕಾಯಿರಿ. ಬ್ರೇಕಿಗೆ ಎಣ್ಣೆ ತಾಗಕೂಡದು.

2. ಬಿಚ್ಚಿದ ನಟ್ಟುಗಳನ್ನೆಲ್ಲ ಮತ್ತೆ ಕೈಯಿಂದ ಹಾಕಿ, ಒಂದೊಂದು ಸುತ್ತು ಮಾತ್ರ ಸಡಿಲಿಸಿ. ಒಂದು ನಟ್ಟೂ ಬಿಟ್ಟಿರಬಾರದು.

3. ಸ್ಟೆಪ್ನಿ ಈಚೆಗೆ ತೆಗೆದು, ಜಾಕು ಇಳಿಸಿ ಕಾರನ್ನು ನೆಲಕ್ಕೆ ಬಿಡಿ. ಎಷ್ಟೋ ಸಲ ಭಾರ ಬಿದ್ದೊಡನೆ ‘ಟಕ್’ ಎಂದು ಗಾಲಿ ಬಿಡುತ್ತದೆ. ಬಿಡದಿದ್ದರೆ ಇಬ್ಬರು ನಿಂತು ಕಾರನ್ನು ಪಕ್ಕದಿಂದ ತೂಗಾಡಿಸಿ.

4. ಆಗಲೂ ಬಾರದಿದ್ದರೆ ಕಲ್ಲು ತೆಗೆದು, ಅತಿ ನಿಧಾನವಾಗಿ ಒಂದೆರಡು ಅಡಿ ಮುಂದೆ ಹಿಂದೆ ಸರಿಸಿ ಮೆಲ್ಲಗೆ ಬ್ರೇಕ್ ಒತ್ತಿ. ಜನ, ವಾಹನ ಇರುವ ಕಡೆ ಇದನ್ನು ಮಾಡಕೂಡದು.

5. ಮತ್ತೆ ಕಲ್ಲು ಕೊಟ್ಟು, ಜಾಕು ಏರಿಸಿ ನಟ್ಟು ಬಿಚ್ಚಿ.

ಸುತ್ತಿಗೆಯಿಂದ ಗಾಲಿಯ ಅಂಚಿಗೆ ಹೊಡೆದರೆ ಸೊಟ್ಟಗಾಗುತ್ತದೆ ಇಲ್ಲವೆ ಸೀಳುತ್ತದೆ. ಇಷ್ಟಕ್ಕೂ ಬಿಡದಿದ್ದರೆ ಮೆಕ್ಯಾನಿಕನನ್ನು ಕರೆಸುವುದೇ ಲೇಸು.

ಮತ್ತೆ ಕಚ್ಚದಂತೆ

ಹೊಸ ಗಾಲಿ ಹಾಕುವ ಮುನ್ನ ಹಬ್ಬನ್ನೂ ಗಾಲಿಯ ರಂಧ್ರವನ್ನೂ ತಂತಿಯ ಬ್ರಶ್ಶಿನಿಂದ ಉಜ್ಜಿ, ಹಬ್ಬಿನ ಅಂಚಿಗಷ್ಟೇ ತೆಳುವಾಗಿ ಗ್ರೀಸ್ ಸವರಿ. ಬೋಲ್ಟಿನ ಹಲ್ಲುಗಳಿಗೆ ಹಚ್ಚಬೇಡಿ. ನಟ್ಟುಗಳನ್ನು ಎದುರುಬದಿರಾಗಿ ಬಿಗಿಯಿರಿ. 50–100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ನಾಲ್ಕೂ ಗಾಲಿ ಕಳಚಿ ಒರೆಸಿಟ್ಟರೆ, ಕೊಯ್ಲಿನ ಕಾಲದಲ್ಲಿ ದಾರಿಯ ಮೇಲೆ ಪರದಾಡುವುದು ತಪ್ಪುತ್ತದೆ.