ಅಂತರ್ಜಾಲದಲ್ಲೂ ಅಕ್ಕಡಿ ಸಾಲು

ಜಗಳೂರು ತಾಲೂಕು ಸೊಕ್ಕೆಯ ಐದೆಕರೆ ಮಳೆಯಾಶ್ರಿತ ರೈತನಿಗೆ ಸ್ವಂತ ವೆಬ್‌ಸೈಟ್ ಯಾಕೆ? ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ನನ್ನ ಉತ್ತರ ಇಷ್ಟೆ. ಶೇಂಗಾವನ್ನು ಚೀಲದಲ್ಲಿ ಮಾರಿದರೆ ದರ ಹೇಳುವವನು ಕೊಳ್ಳುವವ. ಅದನ್ನೇ ಗಾಣಕ್ಕೆ ಹಾಕಿಸಿ ಎಣ್ಣೆ ಕೊಟ್ಟರೆ ದರ ಹೇಳುವವನು ನಾನು. ಆದರೆ ಬೆಂಗಳೂರಿನ ಗಿರಾಕಿ ನನ್ನನ್ನು ನಂಬುವುದು ಹೇಗೆ? ಅವರು ಹೊಲಕ್ಕೆ ಬರಲಾರರು. ಹೊಲವೇ ಅವರ ಮೊಬೈಲಿಗೆ ಹೋಗಬೇಕು.

"ಅಪ್ಪಾ, ಮೊದ್ಲು ಬೇರೆಯವರದ್ದು ನಾಲ್ಕು ನೋಡು, ಏನಾದ್ರೂ ಹೊಳೀತದೆ" ಅಂದಳು ಮಗಳು. ನೋಡಿದೆ. ಎಲ್ಲದರಲ್ಲೂ ಹಸಿರೆಲೆ, ಟೊಪ್ಪಿಗೆ ಹಾಕಿದ ರೈತ, ಇಬ್ಬನಿ ಬಿದ್ದ ಗದ್ದೆ. ಚೆಂದವೇನೋ ಹೌದು. ಆದರೆ ಬೇಸಿಗೆಯಲ್ಲಿ ನಮ್ಮ ಹೊಲ ಆ ಬಣ್ಣದಲ್ಲಿ ಇರೋದಿಲ್ಲ. ಗಿರಾಕಿ ಒಂದು ದಿನ ಬಂದು ನೋಡಿದರೆ ನಂಬಿಕೆ ಅಲ್ಲಿಗೇ ಮುಗೀತು. ಹಾಗಾಗಿ ಕಂಪ್ಯೂಟರ್ ಬದಿಗಿಟ್ಟು ಊರಿನೊಳಗೇ ಮಾದರಿ ಹುಡುಕಿದೆವು.

ಹೊಲ, ಸಂತೆ, ಕೌದಿ

ಮೊದಲ ಪಾಠ ಕೂರಿಗೆಯದು. ಸಾಲಿನ ನಡುವೆ ಜಾಗವಿಲ್ಲದಿದ್ದರೆ ಎಡೆಕುಂಟೆ ಆಡದು. ಪುಟದಲ್ಲೂ ಕಣ್ಣು ಓಡಾಡಲು ಜಾಗ ಬೇಕು. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಇರುವಂತೆ, ಎಣ್ಣೆಯ ವಿವರದ ನಡುವೆ ಮಳೆ, ಬಿತ್ತನೆ, ಗಾಣದ ಬಗ್ಗೆ ಎರಡೆರಡು ಮಾತು ಹಾಕಿದೆ. ಅಕ್ಕಡಿ ಹೆಚ್ಚಾದರೆ ಮುಖ್ಯ ಬೆಳೆಗೆ ನೆರಳು, ನೆನಪಿರಲಿ.

ಸಂತೆಯಲ್ಲಿ ಕೂತವರು ಒಳ್ಳೆಯ ಗುಡ್ಡೆಯನ್ನು ಮುಂದಿಟ್ಟು, ಕೇಳುವ ಮೊದಲೇ ದರ ಕೂಗುತ್ತಾರೆ. ನಮ್ಮ ಪುಟದಲ್ಲೂ ತೆರೆದ ಕೂಡಲೇ ಕಾಣುವುದು ಎಣ್ಣೆ, ದರ, ಫೋನ್ ನಂಬರು. ದರದ ಪಕ್ಕ ತಾರೀಕು. ಬಣ್ಣಕ್ಕೆ ಅಜ್ಜಿಯ ಕೌದಿ ನೋಡಿದೆವು. ಎಷ್ಟೇ ತುಂಡು ಬಟ್ಟೆ ಇದ್ದರೂ ಅಂಚು ಒಂದೇ ಬಣ್ಣದ್ದು. ನಮ್ಮ ಅಂಚು ಕೆಮ್ಮಣ್ಣಿನದು.

ಆಡಂಬರ ಬೇಕಿಲ್ಲ

ಟಿಮ್ ಬರ್ನರ್ಸ್ ಲೀ 1991ರಲ್ಲಿ ಜಗತ್ತಿಗೆ ತೆರೆದ ಮೊದಲ ಜಾಲತಾಣದಲ್ಲಿ ಇದ್ದದ್ದು ಬರೀ ಅಕ್ಷರ ಮತ್ತು ಕೊಂಡಿ. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತು. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆಯವರ ಮೊಬೈಲಿನಲ್ಲಿ ಅಕ್ಷರವಾಗಿ ಕಾಣದು, ಹುಡುಕಿದರೂ ಸಿಗದು.

ಗೂಗಲ್ ಸೈಟ್ಸ್‌ನಲ್ಲಿ ಪುಟ ಕಟ್ಟಲು ದುಡ್ಡು ಕೊಡಬೇಕಿಲ್ಲ. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ವರ್ಷವರ್ಷ ಬಾಡಿಗೆ ಇದೆ. ಫೋಟೊಗಳ ಗಾತ್ರ ಇಳಿಸಿ ಹಾಕಿ, ಸಿಗ್ನಲ್ ಕಡಿಮೆ ಇರುವಲ್ಲೂ ಪುಟ ತೆರೆಯಬೇಕು. ಬಿಸಿಲಲ್ಲಿ ನಿಂತು ಓದಿ ನೋಡಿ. ಅಕ್ಷರ ಕಾಣದಿದ್ದರೆ ಬಣ್ಣ ಬದಲಿಸಿ. ಎಣ್ಣೆ ಮಾರುವವರಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. ಆ ಸಂಖ್ಯೆಯೂ ಪುಟದಲ್ಲಿರಲಿ.

ಮಳೆ ಕೈಕೊಟ್ಟ ವರ್ಷ ಏನು ಬರೆಯೋದು ಎಂದು ಮನೆಯಲ್ಲಿ ಚರ್ಚೆಯಾಯಿತು. ಹೊರಗಿನಿಂದ ಎಣ್ಣೆ ತಂದು ತುಂಬಿಸುವುದು ಸುಲಭ. ಆದರೆ ಒಣಗಿದ ಶೇಂಗಾ ಹೊಲದ ಫೋಟೊ ಹಾಕಿ, "ಈ ಸಲ ಎಣ್ಣೆ ಇಲ್ಲ" ಎಂದು ಬರೆಯುವುದೆಂದು ತೀರ್ಮಾನಿಸಿದೆವು. ವ್ಯಾಪಾರ ಒಂದು ವರ್ಷ ನಿಂತರೆ ನಿಲ್ಲಲಿ, ಗಿರಾಕಿಗೆ ಕೊಟ್ಟ ಮಾತು ಉಳಿಯಬೇಕು.

ನಿಮ್ಮ ಮಾದರಿ ಅಡಿಕೆ ಅಂಗಳವಿರಬಹುದು, ರಾಗಿ ಕಣವಿರಬಹುದು. ಮೊದಲು ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗೀಚಿ ನೋಡಿ. ಕಂಪ್ಯೂಟರಿನ ಕೆಲಸ ಆಮೇಲಿನದು.